ಸ್ಕಾಟ್ಲೆಂಡಿನಿಂದ ಬಂದ ಹುಬ್ಬಳ್ಳಿ ಕನ್ನಡ

ನನ್ನ ಮಗಳು ಹುಟ್ಟಿದ್ದು, ಬೆಳೆದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಹೈಸ್ಕೂಲು ಮುಗಿಯುವ ವರ್ಷ ಕಾಲೇಜಿಗೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ ಸ್ಕಾಟ್ಲೆಂಡ್ ಎಂದಳು. ಏನು ಓದುತ್ತೀ ಎಂದರೆ ಭೂಗೋಳ ಎಂದಳು. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಕಂಗೆಡಿಸಿತೆಂದು ಇವತ್ತಿಗೂ ಹೇಳಲಾರೆ. ಲೋಕದ ಮಕ್ಕಳೆಲ್ಲ ಹಾತೊರೆದು ಬರುವ ವಿಶ್ವವಿದ್ಯಾಲಯಗಳು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದೂರದಲ್ಲಿವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಂಥದ್ದಕ್ಕೇ ಇರಬೇಕು.

ದೇವಸ್ಥಾನಕ್ಕೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಪೂಜೆ ಮುಗಿಸಿ ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ ಪ್ಲೆಸೆಂಟನ್‌ನಿಂದ ಬರುವ ಪರಿಚಯದ ಹೆಂಗಸೊಬ್ಬರು, ಇಲ್ಲಿ ಎಲ್ಲೂ ಸೀಟು ಸಿಗಲಿಲ್ಲವೇ ಎಂದು ಬಲು ಕನಿಕರದಿಂದ ವಿಚಾರಿಸಿದರು. ಸಿಕ್ಕಿತ್ತು, ಅವಳೇ ಬೇಡವೆಂದಳು ಎಂದೆ. ಅವರು ನಂಬಲಿಲ್ಲ. ಅವರ ಗಂಡ, ಈಗ ಮ್ಯಾಪ್ ಎಲ್ಲ ಫೋನಿನಲ್ಲೇ ಇರುವಾಗ ಭೂಗೋಳದಲ್ಲಿ ಓದುವುದಕ್ಕೆ ಉಳಿದಿರುವುದಾದರೂ ಏನು ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನೂ ಮನೆಯಲ್ಲಿ ಕೇಳಿದ್ದೆ. ಆದರೆ ಬೇರೆಯವರು ಕೇಳಿದಾಗ ಮೈ ಉರಿಯಿತು. ಪುಳಿಯೋಗರೆಯ ದೊನ್ನೆ ಹಿಡಿದುಕೊಂಡು ನದಿಗಳು, ಬರಗಾಲ, ಊರುಗಳು ಬೆಳೆಯುವ ಬಗೆ ಎಂದೆಲ್ಲ ಒಂದು ಭಾಷಣವನ್ನೇ ಬಿಗಿದೆ. ಮಗಳು ಪಕ್ಕದಲ್ಲೇ ನಿಂತಿದ್ದಳು.

ನಮ್ಮ ಮನೆಯ ಭಾಷೆಗಳ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ನಾನು ಮಂಡ್ಯದ ಕಡೆಯವಳು. ನನ್ನವರು ಉಡುಪಿಯವರು, ಮನೆಮಾತು ತುಳು. ಮಗು ಹುಟ್ಟಿದಾಗ ಅವರವರ ಭಾಷೆಯಲ್ಲೇ ಮಾತಾಡಿಸಬೇಕೆಂದು ಇಬ್ಬರೂ ಪ್ರತಿಜ್ಞೆ ಮಾಡಿದೆವು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುವ ಹಾಗೆ ಡೇಕೇರಿನ ಇಂಗ್ಲಿಷ್ ಗೆದ್ದಿತು. ಮಗಳಿಗೆ ನಾನು ಆಡುವ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಎರಡನೆಯ ಕ್ಲಾಸಿನಲ್ಲಿದ್ದಾಗ ನನ್ನಪ್ಪ ತೀರಿಕೊಂಡರು. ನನ್ನಮ್ಮ ನಮ್ಮ ಜೊತೆ ಇರಲು ಬಂದಳು. ಅಮ್ಮನಿಗೆ ಬರುವ ಇಂಗ್ಲಿಷ್ ಎಂದರೆ ಥ್ಯಾಂಕ್ಯೂ ಮತ್ತು ನೋ ಶುಗರ್. ಅವಳಾಡುವ ಮಂಡ್ಯದ ಹಳ್ಳಿಯ ಕನ್ನಡದ ಮುಂದೆ ಮೊಮ್ಮಗಳಿಗೆ ಗೊತ್ತಿದ್ದ ಆಫೀಸು, ಮೀಟಿಂಗು ಎಂದು ಅರ್ಧ ಇಂಗ್ಲಿಷ್ ಬೆರೆತ ನನ್ನ ಕನ್ನಡ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಹೀಗಾಗಿ ಅಜ್ಜಿ ಮತ್ತು ಮೊಮ್ಮಗಳ ನಡುವೆ ನಾನು ದುಭಾಷಿಯಾದೆ.

ನಮ್ಮಂಥ ಮನೆಗಳಲ್ಲಿ ಇದೇನೂ ಹೊಸದಲ್ಲ. ಯಾವುದೇ ಕನ್ನಡದವರ ಮನೆಗೆ ಊಟಕ್ಕೆ ಹೋಗಿ, ಸೋಫಾದ ಈ ತುದಿಯಲ್ಲಿ ಒಬ್ಬ ಅಜ್ಜಿ, ಆ ತುದಿಯಲ್ಲಿ ಒಂದು ಮಗು, ನಡುವೆ ಎರಡೂ ಕಡೆ ಕತ್ತು ತಿರುಗಿಸುತ್ತ ಕೂತ ತಾಯಿ ಕಾಣುತ್ತಾಳೆ. ನಾನು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದೆ ಅಂದುಕೊಂಡಿದ್ದೆ. ಆಫೀಸಿನಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರು. ಎಂಜಿನಿಯರುಗಳು ಒಂದು ಗಂಟೆ ಕೊರೆದದ್ದನ್ನು ಮೇಲಿನವರಿಗೆ ಎರಡು ವಾಕ್ಯ ಮಾಡಿ ಹೇಳುವುದು, ಮೇಲಿನವರ ಸಿಡುಕನ್ನು ಕೆಳಗಿನವರಿಗೆ ಸಕ್ಕರೆ ಸವರಿ ಮುಟ್ಟಿಸುವುದು ನನ್ನ ಅನ್ನದ ದಾರಿ. ಮನೆಯಲ್ಲೂ ಅದನ್ನೇ ಮಾಡಿದೆ. ಅಮ್ಮ ಕಬ್ಬಿನ ಗದ್ದೆಯಲ್ಲಿ ಹಾವು ಎದುರಾದ ಕಥೆಯನ್ನು ಹಾವಿನ ಬಣ್ಣ, ಓಡಿಬಂದ ಚಿಕ್ಕಪ್ಪನ ಪಂಚೆಯ ಅವಸ್ಥೆ ಸಮೇತ ಅರ್ಧ ಗಂಟೆ ಹೇಳುತ್ತಿದ್ದಳು. ನಾನು ಮಗಳಿಗೆ, ಅಜ್ಜಿ ಒಂದು ಸಲ ಹಾವು ನೋಡಿದ್ದಳಂತೆ ಎನ್ನುತ್ತಿದ್ದೆ. ಮಗಳು ಫೋನಿನಿಂದ ತಲೆಯೆತ್ತದೆ ಕೂಲ್ ಎನ್ನುತ್ತಿದ್ದಳು. ನಾನು ಅಮ್ಮನ ಕಡೆ ತಿರುಗಿ, ಕಥೆ ತುಂಬಾ ಚೆನ್ನಾಗಿತ್ತು ಅಂತಾಳಮ್ಮ ಎನ್ನುತ್ತಿದ್ದೆ. ಇಬ್ಬರಿಗೂ ಸಂತೋಷ, ನನಗೂ ಬೇಗ ಬಿಡುಗಡೆ.

ಸೆಪ್ಟೆಂಬರಿನಲ್ಲಿ ಮಗಳು ಹೋದಳು. ಅಮೆರಿಕದ ಪಾಸ್‌ಪೋರ್ಟು ಇಟ್ಟುಕೊಂಡು ತಾನು ಇಂಟರ್‌ನ್ಯಾಷನಲ್ ಸ್ಟೂಡೆಂಟು ಆಗುತ್ತೇನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆ ಪದ ಅವಳ ಮಟ್ಟಿಗೆ ಬೇರೆಯವರಿಗೆ ಸೇರಿದ್ದು. ನಾನೂ ಅವಳಪ್ಪನೂ ಒಂದು ಕಾಲದಲ್ಲಿ ಆಗಿದ್ದಂಥದ್ದು. ಮೊದಲ ವಾರ ಹೊರದೇಶದವರನ್ನೆಲ್ಲ ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿ, ರಸ್ತೆ ದಾಟುವಾಗ ಮೊದಲು ಯಾವ ಕಡೆ ನೋಡಬೇಕು, ಡಾಕ್ಟರ ಬಳಿ ಹೆಸರು ಹೇಗೆ ಬರೆಸಬೇಕು ಎಂದು ಹೇಳಿಕೊಟ್ಟರಂತೆ. ಸ್ಥಳೀಯ ಹುಡುಗರಿಗೆ ಅವಳು ಅಮೆರಿಕದವಳು. ಅಮೆರಿಕದ ಹುಡುಗರಿಗೆ ಕ್ಯಾಲಿಫೋರ್ನಿಯಾದವಳು. ಅಂಗಡಿಯ ಮುದುಕನಿಗೆ ಇಂಡಿಯಾದವಳು. ಇದನ್ನೆಲ್ಲ ಅವಳು ಹೇಳಿದ್ದು ಬಹಳ ದಿನಗಳ ಮೇಲೆ. ಆಗ ಮಾತ್ರ ಏನು ಕೇಳಿದರೂ ಬರುತ್ತಿದ್ದ ಉತ್ತರ ಒಂದೇ, ಫೈನ್.

ಅಲ್ಲಿಗೂ ಇಲ್ಲಿಗೂ ಎಂಟು ಗಂಟೆಗಳ ಅಂತರ. ನಾನು ಆಫೀಸಿಗೆ ಹೊರಡುವ ಮುಂಚೆ ಕರೆ ಮಾಡಿದರೆ ಅಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ನವೆಂಬರು ಬರುವ ಹೊತ್ತಿಗೆ ಅವಳ ಹಿಂದಿನ ಕಿಟಕಿಯಲ್ಲಿ ಆ ಗಂಟೆಗೇ ಕತ್ತಲು. ಮರೆಯದಿರಲೆಂದು ಅವಳಿಗೆ ಕ್ಯಾಲೆಂಡರ್ ಇನ್ವೈಟು ಕಳಿಸಿದ್ದೆ. ನನ್ನವರು ಅದನ್ನು ನೋಡಿ, ಮಗಳಿಗೆ ಅಜೆಂಡಾ ಕೂಡ ಕಳಿಸಿದ್ದೀಯಾ ಎಂದು ಗೇಲಿ ಮಾಡಿದರು. ಕಳಿಸಿರಲಿಲ್ಲ. ಆದರೆ ಮನಸ್ಸಿನಲ್ಲಿ ಇತ್ತು: ಊಟ, ನಿದ್ದೆ, ಬಟ್ಟೆ, ಓದು, ಗೆಳೆಯರು. ಅವಳ ಫೈನ್ ಎಷ್ಟು ಉದ್ದ, ಎಷ್ಟು ಗಿಡ್ಡ ಎಂದು ಅಳೆದು, ಅದರ ಹಿಂದಿನ ಮಿಕ್ಕ ಮಾತನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಹೆತ್ತವಳಿಗೆ ಗೊತ್ತಾಗದೆ ಮತ್ತೆ ಯಾರಿಗೆ ಗೊತ್ತಾಗಬೇಕು?

ಒಂದು ದಿನ ಮಾತ್ರ ಅವಳು ತಾನಾಗಿ ಒಂದು ವಿಷಯ ಹೇಳಿದಳು. ಟ್ಯುಟೋರಿಯಲ್ ಎಂಬ ಸಣ್ಣ ಕ್ಲಾಸು, ಒಂದು ಮೇಜಿನ ಸುತ್ತ ಏಳೆಂಟು ಮಕ್ಕಳು, ಮೇಡಮ್ಮನ್ನು ಬರೀ ಹೆಸರು ಹಿಡಿದು ಕರೆಯಬೇಕು. ಆಕೆ ಪಾಠ ಹೇಳುವುದಿಲ್ಲವಂತೆ. ಪ್ರಶ್ನೆ ಹಾಕಿ, ನಿನಗೇನನ್ನಿಸುತ್ತದೆ ಎಂದು ಒಬ್ಬರ ಮುಖ ನೋಡಿ, ಸುಮ್ಮನೆ ಕೂತುಬಿಡುತ್ತಾರಂತೆ. ಎಷ್ಟು ಹೊತ್ತಾದರೂ ಸರಿ. ಮಗಳ ಸರದಿ ಬಂದಾಗ ಆಕೆ ಟೀ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕಾದರಂತೆ, ಕಾದೇ ಕಾದರಂತೆ. ಇವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲವಂತೆ. ಇಷ್ಟೇನಾ, ಇದಕ್ಕೇನು ಮಹಾ ಎಂದುಕೊಂಡು ಆ ವಾರದ ಪಾಠದ ಲೇಖನವನ್ನು ತರಿಸಿಕೊಂಡು, ಲಂಚಿನ ಹೊತ್ತಿನಲ್ಲಿ ಓದಿ, ಹೇಳಬಹುದಾದ ಮೂರು ಅಂಶಗಳನ್ನು ಅವಳಿಗೆ ಬರೆದು ಕಳಿಸಿದೆ. ಅವಳು ಥ್ಯಾಂಕ್ಸ್ ಎಂದಳು. ಬಳಸಿದಳೋ ಇಲ್ಲವೋ ಎಂದು ಕೇಳಿದ್ದಕ್ಕೆ ನೆಟ್‌ವರ್ಕ್ ಕೈಕೊಟ್ಟಿತು.

ಆಮೇಲೆ ಬಂದದ್ದು ಮೊದಲ ಪ್ರಬಂಧದ ಅಂಕ. ನೂರಕ್ಕೆ ಐವತ್ತೆಂಟು.

ನಾನು ಓದಿದ ಶಾಲೆಯಲ್ಲಿ ಐವತ್ತೆಂಟು ತಂದವರು ಹಿಂದಿನ ಬಾಗಿಲಿನಿಂದ ಮನೆಗೆ ಬರುತ್ತಿದ್ದರು. ಮಗಳು ಓದಿದ ಸನ್ನಿವೇಲ್‌ನ ಹೈಸ್ಕೂಲಿನಲ್ಲಂತೂ ಅದು ನೇರ ಫೇಲು. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ, ಎಪ್ಪತ್ತು ಬಂದರೆ ಫಸ್ಟ್ ಕ್ಲಾಸು, ತೊಂಬತ್ತು ಯಾರಿಗೂ ಕೊಡುವುದಿಲ್ಲ, ಮೊದಲನೆಯದಕ್ಕೆ ಪರವಾಗಿಲ್ಲ ಎಂದು ಬರೆದಿದ್ದಾರೆ ಎಂದು ಮಗಳು ವಿವರಿಸಿದಳು. ಇಂಗ್ಲೆಂಡಿನಲ್ಲಿ ಓದಿ ಬಂದ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದರೆ ಅವರೂ ಅದನ್ನೇ ಹೇಳಿದರು. ನನಗೆ ಇಬ್ಬರೂ ಸಮಾಧಾನಕ್ಕೆ ಹೇಳಿದಂತೆ ಕೇಳಿಸಿತು. ಕತ್ತಲ ಕಿಟಕಿ, ಗಿಡ್ಡ ಫೈನು, ಬಾಯಿ ಬಾರದ ಟ್ಯುಟೋರಿಯಲ್ಲು, ಈಗ ಐವತ್ತೆಂಟು. ಲೆಕ್ಕ ನನಗೆ ಸ್ಪಷ್ಟವಾಗಿತ್ತು. ಮಗಳಿಗೆ ಅಲ್ಲಿ ಆಗುತ್ತಿಲ್ಲ, ಹೇಳಿಕೊಳ್ಳಲು ಸಂಕೋಚ. ಅವಳನ್ನು ವಾಪಸು ಕರೆಸಿಕೊಳ್ಳಬೇಕು.

ನಾನು ಏನನ್ನಾದರೂ ಮಾಡಬೇಕೆಂದುಕೊಂಡರೆ ಅರೆಬರೆ ಮಾಡುವವಳಲ್ಲ. ಮನೆಯ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಜನವರಿಗೆ ಮೂರು ತಿಂಗಳ ಹೊಸ ಕ್ವಾರ್ಟರು ಶುರುವಾಗುತ್ತದೆ. ಅಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯಿದೆ, ಬುದ್ಧಿವಂತ ಮಕ್ಕಳೆಲ್ಲ ಹಾಗೇ ಮಾಡುತ್ತಾರೆ. ಅಲ್ಲಿನ ಸಲಹೆಗಾರರೊಂದಿಗೆ ಮಾತಾಡಿದೆ, ಮಗಳ ಹೆಸರಿನಲ್ಲಿ ಸೀಟು ಹಿಡಿದಿಟ್ಟೆ. ಅವಳನ್ನು ಇನ್ನೂ ಕೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದೀಯ ಎಂದು ನನ್ನವರು ಎಚ್ಚರಿಸಿದರು. ಕ್ರಿಸ್‌ಮಸ್ ರಜೆಗೆ ಬರುತ್ತಾಳಲ್ಲ, ಆಗ ಅವಳನ್ನೇ ಕೇಳಿ ನೋಡುವಾ ಎಂದರು. ಅವರದು ಯಾವಾಗಲೂ ನೋಡುವಾ. ನೋಡುತ್ತ ಕೂತರೆ ಸೀಟು ಯಾರಪ್ಪನ ಮನೆಯಲ್ಲಿ ಉಳಿಯುತ್ತದೆ?

ಅಮ್ಮನಿಗೆ ಮಾತ್ರ ಖಚಿತವಾಗಿ ಹೇಳಿಬಿಟ್ಟೆ, ನಿನ್ನ ಮೊಮ್ಮಗಳಿಗೆ ಅಲ್ಲಿ ಹಿಡಿಸಿಲ್ಲ, ಓದು ಬಿಟ್ಟು ಬಂದುಬಿಡುತ್ತಾಳೆ ಎಂದು. ಅಮ್ಮ, ಅಯ್ಯೋ ಪಾಪ ಅಂದಳು. ಅತ್ತ ಫೋನಿನಲ್ಲಿ ಮಗಳಿಗೆ, ಅಜ್ಜಿ ದಿನಾ ನಿನ್ನನ್ನೇ ಕೇಳುತ್ತಾಳೆ, ನೀನಿಲ್ಲದೆ ಊಟ ಸೇರುತ್ತಿಲ್ಲ ಎಂದೆ. ಅಮ್ಮ ಆಗ ಹಿಂದೆಯೇ ಕೂತು ಉಪ್ಸಾರಿನ ಜೊತೆ ಮುದ್ದೆ ನುಂಗುತ್ತಿದ್ದಳು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂತಾರಲ್ಲ, ನಡುವೆ ನಿಂತವಳಿಗೆ ಅದು ಬಲು ಸಲೀಸು. ನನಗೆ ತಪ್ಪು ಅನ್ನಿಸಲೂ ಇಲ್ಲ, ಮಗಳ ಒಳ್ಳೆಯದಕ್ಕೇ ತಾನೆ.

ಡಿಸೆಂಬರಿನ ನಡುವೆ ಮಗಳು ಬಂದಳು. ನಾನೂ ಅಮ್ಮನೂ ಏರ್‌ಪೋರ್ಟಿಗೆ ಹೋಗಿದ್ದೆವು. ಸೊರಗಿರುತ್ತಾಳೆ ಅಂದುಕೊಂಡಿದ್ದೆ. ಸೊರಗಿರಲಿಲ್ಲ, ಕೆನ್ನೆ ಕೆಂಪಗಾಗಿದ್ದವು. ಗಾಡಿ ತಳ್ಳಿಕೊಂಡು ಬಂದವಳು ನನ್ನನ್ನು ಅಪ್ಪಿಕೊಂಡು, ಆಮೇಲೆ ಅಜ್ಜಿಯ ಎರಡೂ ಕೈ ಹಿಡಿದು ಕೇಳಿದಳು:

"ಆರಾಮ ಅದೀರೇನ್ರಿ ಅಜ್ಜಿ?"

ಅಮ್ಮ ಅವಳ ಮುಖ ನೋಡಿದಳು. ಆಮೇಲೆ ಇಷ್ಟು ವರ್ಷದ ರೂಢಿಯಂತೆ ನನ್ನ ಕಡೆ ತಿರುಗಿ, ಏನಂತೆ ಎಂಬಂತೆ ಹುಬ್ಬೇರಿಸಿದಳು. ನಾನೂ ರೂಢಿಯಂತೆ, "ಚೆನ್ನಾಗಿದ್ದೀಯಾ ಅಂತ ಕೇಳ್ತಿದ್ದಾಳಮ್ಮ" ಎಂದೆ. ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡಿದ್ದೇನೆಂದು ನನಗೆ ಗೊತ್ತಾಗಿದ್ದು ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆಗೆಯುವಾಗ. ಅಷ್ಟರಲ್ಲಿ ಅವರಿಬ್ಬರೂ ಹಿಂದಿನ ಸೀಟಿನಲ್ಲಿ ಕೂತು, ವಿಮಾನದಲ್ಲಿ ಏನು ತಿನ್ನಲು ಕೊಟ್ಟರು ಎಂಬ ವಿಷಯಕ್ಕೆ ಇಳಿದಿದ್ದರು. ನಾನು ಬಾಡಿಗೆ ಟ್ಯಾಕ್ಸಿಯವಳ ಹಾಗೆ ಮುಂದೆ ಒಬ್ಬಳೇ ಕೂತು ಕಾರು ಓಡಿಸಿದೆ.

ಕಥೆ ಆಮೇಲೆ ತಿಳಿಯಿತು. ಅವಳ ಹಾಸ್ಟೆಲಿನಲ್ಲಿ ಆರು ಕೋಣೆಗಳಿಗೆ ಒಂದು ಅಡುಗೆಮನೆ. ಆ ಕೋಣೆಗಳಲ್ಲೊಂದರಲ್ಲಿ ಎಂ.ಎಸ್ಸಿ. ಓದಲು ಬಂದ ಹುಬ್ಬಳ್ಳಿಯ ಹುಡುಗಿ. ಊರಿನ ನೆನಪು ತಡೆಯಲಾರದೆ ಒಂದು ಸಂಜೆ ಅವಳು ಜೋಳದ ರೊಟ್ಟಿ ಬೇಯಿಸಲು ಹೋಗಿ, ಹೊಗೆಗೆ ಅಲಾರಮು ಹೊಡೆದುಕೊಂಡು, ಇಡೀ ಕಟ್ಟಡದ ಮಕ್ಕಳೆಲ್ಲ ಚಳಿಯಲ್ಲಿ ರಸ್ತೆಗೆ ಬಂದು ನಿಂತರಂತೆ. ಹಾಗೆ ನಡುಗುತ್ತ ನಿಂತಾಗ ಅವಳು ನನ್ನ ಮಗಳ ಪಕ್ಕ ಬಂದು, ನಿಮ್ಮವ್ವ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ದಿನಾ ಗೋಡೆಯಾಚೆ ಕೇಳುತ್ತೇನೆ, ನೀನು ಯಾಕೆ ಇಂಗ್ಲಿಷಿನಲ್ಲಿ ಜವಾಬು ಕೊಡುತ್ತೀ ಎಂದು ಕೇಳಿದಳಂತೆ. ಇವಳು ನಿಜವನ್ನೇ ಹೇಳಿದಳಂತೆ: ತಪ್ಪಾಗುತ್ತದೆ, ತಪ್ಪಾದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಅದಕ್ಕೇನಾಯಿತು ಎಂದಳಂತೆ ಆ ಹುಡುಗಿ. ಅಂದಿನಿಂದ ರೊಟ್ಟಿಯ ಅಡುಗೆಮನೆಯಲ್ಲಿ ಇಂಗ್ಲಿಷ್ ಆಡಿದವರು ಪಾತ್ರೆ ತೊಳೆಯಬೇಕೆಂಬ ಕಾಯಿದೆ. ಮೊದಲ ತಿಂಗಳು ನನ್ನ ಮಗಳು ಪಾತ್ರೆ ತೊಳೆದೂ ತೊಳೆದೂ ಸುಸ್ತಾದಳಂತೆ. ಹಿಂದೆ ನಾನು ಅವಳನ್ನು ಭಾನುವಾರದ ಕನ್ನಡ ಶಾಲೆಗೆ ಕಳಿಸಿದ್ದೆ, ಕಥೆ ಪುಸ್ತಕ ತರಿಸಿದ್ದೆ, ಬೈದಿದ್ದೆ, ರಮಿಸಿದ್ದೆ. ಕೊನೆಗೆ ಅವಳ ಬಾಯಿಂದ ಕನ್ನಡ ಹೊರಡಿಸಿದ್ದು ಸ್ಕಾಟ್ಲೆಂಡಿನ ಎಂಜಲು ಪಾತ್ರೆ. ನನಗೆ ಖುಷಿಯಾಯಿತೇ ಎಂದರೆ, ಆಯಿತು. ಹೊಟ್ಟೆಕಿಚ್ಚೂ ಆಯಿತು.

ಅವಳು ಬಂದ ವಾರದ ಒಂದು ಮಧ್ಯಾಹ್ನ. ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಹರಡಿಕೊಂಡು ಮಗಳು ರೊಟ್ಟಿ ಬಡಿಯುತ್ತಿದ್ದಳು. ಎಕ್ಸಾಸ್ಟ್ ಫ್ಯಾನು ಗಿರ್ರೆನ್ನುತ್ತಿತ್ತು, ಮುಂಜಾಗ್ರತೆಗೆ ಹಿತ್ತಲ ಬಾಗಿಲು ತೆರೆದಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯುತ್ತ, ಉತ್ತರದವರ ರೊಟ್ಟಿ ಇಷ್ಟು ತೆಳ್ಳಗಿದ್ದರೆ ಅದು ಹೊಟ್ಟೆಗೆ ಹೋದದ್ದು ಗೊತ್ತಾಗುವುದು ಹೇಗೆ ಎಂದು ಛೇಡಿಸುತ್ತಿದ್ದಳು. ನಾನು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದೆ. ಕಾಲೇಜಿನ ಮಾತನ್ನು ಅವತ್ತು ಸಂಜೆ ಎತ್ತುವುದೆಂದು ನಿರ್ಧರಿಸಿದ್ದೆ, ಹೇಗೆ ಶುರು ಮಾಡಬೇಕೆಂದೂ ಯೋಚಿಸಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಕೇಳಿದಳು:

"ಅಲ್ಲ ಮಗ, ಆ ಕಾಲೇಜು ಬುಟ್ಟು ಬಂದ್ಬುಡ್ತೀಯಂತಲ್ಲ. ನಿಮ್ಮವ್ವ ಯೋಳಿದ್ಳು."

ಮಗಳ ಕೈ ನಿಂತಿತು. "ಇಲ್ಲಲ್ಲ ಅಜ್ಜಿ. ನಾ ಯಾವಾಗ ಹಂಗಂದೆ? ನೀವ ನನ್ನ ನೆನಿಸಿ ಊಟ ಬಿಟ್ಟೀರಿ ಅಂತ ಅಮ್ಮ ಹೇಳ್ಯಾಳ."

"ನಾನ್ಯಾಕವ್ವ ಊಟ ಬುಡ್ಲಿ? ದಿನಾ ಎಲ್ಡು ಮುದ್ದೆ ತಿಂತೀನಿ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಅಮ್ಮನಿಗೆ ಕನ್ನಡದಲ್ಲೂ ಮಗಳಿಗೆ ಇಂಗ್ಲಿಷಿನಲ್ಲೂ ಒಂದೊಂದು ಥರ ವಿವರಿಸಲು ಬಾಯಿ ತೆರೆದೆ. ಅಮ್ಮನಿಗೆ ಹೇಳಿದ್ದನ್ನು ಮಗಳೂ ಕೇಳಿಸಿಕೊಳ್ಳುತ್ತಿದ್ದಳು. ಎರಡು ವಾಕ್ಯ ಹೇಳುವಷ್ಟರಲ್ಲಿ ನನಗೇ ದಾರಿ ತಪ್ಪಿತು. ಸೀಟಿನ ವಿಷಯವನ್ನು ಹಾಗೇ ಹೇಳಿಬಿಟ್ಟೆ. ಜನವರಿಯ ಮೊದಲ ವಾರದವರೆಗೆ ಸಮಯವಿದೆ, ಬಲವಂತ ಏನಿಲ್ಲ ಎಂದೆ. ಮಗಳು ಸಿಟ್ಟಾಗುತ್ತಾಳೆಂದು ಕಾದೆ. ಅವಳು ರೊಟ್ಟಿಯನ್ನು ಎತ್ತಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು, ಅಷ್ಟೇ.

ಅಮ್ಮನೇ ಮತ್ತೆ, "ಅಂಗಾರೆ ಅಲ್ಲೇನವ್ವ ಅಂಥಾ ಚೆಂದ ನಿಂಗೆ?" ಎಂದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು.

ಮಗಳು ರೊಟ್ಟಿ ಮಗುಚಿದಳು. ಆಮೇಲೆ ಹೇಳಿದಳು, ಅಜ್ಜಿಗೆ, ನನಗಲ್ಲ. ತಡವರಿಸುತ್ತ, ನಡುನಡುವೆ ಪದ ಹುಡುಕುತ್ತ.

"ಇಲ್ಲೆ ಇದ್ರ, ನಾ ಬಾಯಿ ತೆಗಿಯೂದ್ರಾಗ ಅಮ್ಮ ಹೇಳಿಬಿಟ್ಟಿರ್ತಾಳ. ಟೀಚರ್‌ಗೆ, ಡಾಕ್ಟರ್‌ಗೆ, ದೇವಸ್ಥಾನದ ಆಂಟಿಗೆ, ನಿಮಗ. ಅಲ್ಲೆ ಯಾರೂ ಹೇಳೂದಿಲ್ಲ. ಕಾಯ್ತಾರ. ಮೊದಲ ನನಗ ಭಾಳ ಹೆದರಿಕಿ ಆತು, ನನ್ನೊಳಗ ಏನೂ ಇಲ್ಲ ಅಂತ ಅನಿಸ್ತು. ಆಮ್ಯಾಲ ಒಂದಿನ ಮಾತು ಬಂತು ಅಜ್ಜಿ. ಸಣ್ಣದು. ಆದ್ರ ನಂದ."

ಅಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಹೂಂ ಎಂದಳು, ಅದು ತನಗೂ ಗೊತ್ತಿರುವ ಮಾತು ಅನ್ನುವ ಹಾಗೆ. ನಾನು ಚಾಕು ಕೆಳಗಿಟ್ಟು, ಕೊತ್ತಂಬರಿ ಸೊಪ್ಪು ಇಲ್ಲ, ತಂದುಬಿಡುತ್ತೇನೆ ಎಂದು ಕಾರಿನ ಕೀಲಿ ತೆಗೆದುಕೊಂಡು ಹೊರಟೆ. ಫ್ರಿಜ್ಜಿನಲ್ಲಿ ಎರಡು ಕಟ್ಟು ಇತ್ತು.

ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೇ ಕೂತೆ. ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ನಾನು ಮೊದಲು ಈ ದೇಶಕ್ಕೆ ಬಂದಾಗ ಆಡಬೇಕಾದ ಮಾತು ಗಂಟಲಿನಲ್ಲೇ ಉಳಿದು, ಕೌಂಟರಿನಾಚೆಯವರು ಮುಂದಿನವರನ್ನು ಕರೆದುಬಿಡುತ್ತಿದ್ದರು. ಕ್ಲಾಸಿನಲ್ಲಿ ಹೀಗೆ, ಬ್ಯಾಂಕಿನಲ್ಲಿ ಹೀಗೆ, ಕೊನೆಗೆ ಹೆರಿಗೆ ಆಸ್ಪತ್ರೆಯಲ್ಲಿ ನೋವು ಎಲ್ಲಿ ಎಂದು ಕೇಳಿದಾಗಲೂ ಹೀಗೆ. ಹುಟ್ಟಿದ ಮಗುವನ್ನು ಎದೆಗೆ ಹಿಡಿದಾಗ, ಈ ಕೂಸು ಎಲ್ಲೂ ಮಾತಿಲ್ಲದೆ ನಿಲ್ಲಬಾರದು ಅಂದುಕೊಂಡಿದ್ದೆ. ಅದಕ್ಕೇ ಅವಳ ಪರವಾಗಿ ಆಡಿದೆ. ಡೇಕೇರಿನಲ್ಲಿ, ಶಾಲೆಯಲ್ಲಿ, ಎಲ್ಲ ಕಡೆ. ಆಡದೆ ಮತ್ತೇನು ಮಾಡಬೇಕಿತ್ತು? ನಾಚಿಕೆಯ ಮಗು, ಕೇಳಿದರೆ ನನ್ನ ಸೆರಗಿನ ಹಿಂದೆ ಅಡಗುತ್ತಿತ್ತು. ಅಡಗಲು ಸೆರಗು ಇದ್ದದ್ದಕ್ಕೇ ಅಡಗುತ್ತಿತ್ತೋ ಏನೋ ಎಂಬ ಯೋಚನೆಯೂ ಅಲ್ಲೇ ಬಂತು. ಬಂದದ್ದು ಹಿಡಿಸಲಿಲ್ಲ. ಕೊತ್ತಂಬರಿ ಸೊಪ್ಪು ಕೊಂಡು ಮನೆಗೆ ಹೋದೆ. ನನ್ನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಮುಚ್ಚಿಟ್ಟಿದ್ದರು. ಚೆನ್ನಾಗಿತ್ತು.

ಸೀಟನ್ನು ನಾನು ಬಿಟ್ಟುಕೊಡಲಿಲ್ಲ. ಮಗಳು ಬಿಡು ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ರಜೆಯ ದಿನಗಳು ಅಜ್ಜಿ ಮೊಮ್ಮಗಳ ಮಾತಿನಲ್ಲೇ ಕಳೆದವು. ಒಂದು ಸಂಜೆ ಹಾವಿನ ಕಥೆ ಮೊದಲಿನಿಂದ ನಡೆಯುತ್ತಿತ್ತು. ಮಗಳು ನಕ್ಕೂ ನಕ್ಕೂ ಸೋಫಾದಿಂದ ಜಾರಿದ್ದಳು. ಇಷ್ಟು ಕಾಲ ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದು ಅಜ್ಜಿಯನ್ನು ಕೇಳಿದ್ದಕ್ಕೆ ಅಮ್ಮ, ಯೋಳ್ತಾನೇ ಇದ್ನಲ್ಲವ್ವ ಅಂದಳು. ನಾನು ಬಟ್ಟೆ ಮಡಚುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಿ ಕೆಲಸ ಕಳೆದುಕೊಂಡವಳ ಹಾಗಿದ್ದೆ. ನನ್ನವರೊಂದಿಗೆ ಹೇಳಿಕೊಂಡರೆ, ಪೆನ್ಷನ್ ಬಂತು ಅಂತ ತಿಳಿದುಕೋ ಎಂದರು.

ಜನವರಿಯ ಮೊದಲ ವಾರ ಅವಳ ವಿಮಾನ. ಅಮ್ಮನಿಗೆ ಮಂಡಿನೋವು, ನನ್ನವರಿಗೆ ಮೀಟಿಂಗು. ಬಿಟ್ಟುಬರಲು ನಾನೊಬ್ಬಳೇ ಹೊರಟೆ. ಸೀಟು ಬಿಡಲು ಅಂದೇ ಕೊನೆಯ ದಿನ. ಅದು ಅವಳಿಗೂ ಗೊತ್ತಿತ್ತು. ಫ್ರೀವೇ ಹತ್ತಿದ ಮೇಲೆ ನನ್ನ ಬಾಯಿಗೆ ಎಂದಿನ ಮಾತುಗಳೇ ಬಂದವು: ಸ್ವೆಟರು ಇಟ್ಟುಕೊಂಡೆಯಾ, ವಿಟಮಿನ್ ತೆಗೆದುಕೊಳ್ಳುತ್ತೀಯಾ. ಅವನ್ನೆಲ್ಲ ನುಂಗಿಕೊಂಡು ಕೇಳಿದೆ:

"ಅಲ್ಲಿ ನಿಜವಾಗ್ಲೂ ಹೇಗಿದೆ ನಿಂಗೆ?"

ನಾನು ಕಾದೆ. ಕಾಯುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಪಾಲೊ ಆಲ್ಟೊ ಕಳೆಯಿತು. ಅವಳ ಪರವಾಗಿ ಐದಾರು ಉತ್ತರಗಳು ನನ್ನ ನಾಲಿಗೆಯ ಮೇಲೆ ತಯಾರಾಗಿ ನಿಂತಿದ್ದವು. ಚಳಿ ತಾನೇ, ಅಲ್ವಾ? ಒಂಟಿ ಅನ್ಸುತ್ತಾ? ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡೆ. ರೆಡ್‌ವುಡ್ ಸಿಟಿಯ ಫಲಕವೂ ಹಿಂದೆ ಹೋಯಿತು.

"ಒಂದೊಂದ್ ದಿನಾ ಭಾಳ ತ್ರಾಸ ಆಗ್ತದಮ್ಮ" ಎಂದಳು ಕೊನೆಗೆ. ಇಂಗ್ಲಿಷಿನಲ್ಲಲ್ಲ. ಅವಳು ಕನ್ನಡದಲ್ಲಿ ನನಗೆಂದೇ ಹೇಳಿದ ಮೊದಲ ದೊಡ್ಡ ಮಾತು ಅದು. "ಬಾತ್‌ರೂಮಿನ್ಯಾಗ ಹೋಗಿ ಅಳ್ತೀನಿ. ಷವರ್ ಹಚ್ಚಿ, ಯಾರಿಗೂ ಕೇಳಬಾರದಂತ."

ಸೀಟು ಇನ್ನೂ ಇದೆ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಕಾರು ತಿರುಗಿಸಿದರೆ ಮುಗಿಯಿತು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇವೆ. ನಾನು ಊಹಿಸಿದ್ದೇ ಸರಿಯಾಗಿತ್ತು. ಅದನ್ನು ಅವಳ ಬಾಯಿಂದಲೇ ಕೇಳಿದ ಮೇಲೂ ತಾಯಿಯಾದವಳು ಸುಮ್ಮನಿರುವುದು ಹೇಗೆ? ಆದರೂ ಹೂಂ ಎಂದೆ. ಅಷ್ಟೇ ಎಂದೆ.

ಸ್ವಲ್ಪ ಹೊತ್ತು ನೋಡಿ ಅವಳೇ ಕೇಳಿದಳು, "ನೀ ಯಾಕ ಏನೂ ಅನ್ನವಲ್ಲಿ?"

"ನೀನಿನ್ನೂ ಹೇಳಿ ಮುಗಿಸಿಲ್ಲ ಅಂದ್ಕೊಂಡೆ."

ಅವಳು ನನ್ನತ್ತ ತಿರುಗಿ ಕೂತಳು. ಹೌದು, ಮುಗಿಸಿಲ್ಲ ಎಂದಳು. ಅತ್ತರೂ ಅಲ್ಲಿಗೇ ಹೋಗುತ್ತೇನೆ, ಆ ಸೀಟು ಬಿಟ್ಟುಬಿಡು ಎಂದಳು. ಆಮೇಲೆ ಕನ್ನಡ ಸಾಲದ ಕಡೆ ಇಂಗ್ಲಿಷು, ಇಂಗ್ಲಿಷಿಗೆ ಸಿಗದ ಕಡೆ ಹುಬ್ಬಳ್ಳಿ ಸೇರಿಸಿಕೊಂಡು ಹೇಳತೊಡಗಿದಳು. ಹೊರದೇಶದವರ ಹಾಲ್‌ನಲ್ಲಿ ಕೂತಾಗ ಆದ ಅವಮಾನ, ಅಂಗಡಿಯ ಮುದುಕ, ಟೀ ಮಗ್ಗು ಹಿಡಿದು ಕಾಯುವ ಆ ಮೇಡಮ್ಮು, ಒಂದು ನದಿ ಸಾವಿರಾರು ವರ್ಷಗಳಲ್ಲಿ ತನ್ನ ಜಾಡು ಬದಲಿಸಿದ್ದನ್ನು ಮಣ್ಣು ಅಗೆದು ಕಂಡುಹಿಡಿಯುವ ಬಗೆ. ಅದನ್ನು ಹೇಳುವಾಗ ಅವಳ ಕೈಗಳು ಗಾಳಿಯಲ್ಲಿ ನದಿಯ ತಿರುವುಗಳನ್ನು ಬರೆಯುತ್ತಿದ್ದವು. ನನ್ನ ಮಗಳಿಗೆ ಇಷ್ಟೊಂದು ಮಾತು ಇತ್ತೆಂದು ನನಗೆ ತಿಳಿದಿರಲಿಲ್ಲ. ಬಲಗಡೆ ಕೊಲ್ಲಿಯ ನೀರು ಬೆಳಗಿನ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಏರ್‌ಪೋರ್ಟಿನೊಳಗೆ ಅವಳ ಟರ್ಮಿನಲ್ಲಿನ ತಿರುವು ತಪ್ಪಿತು. ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದೆವು. ಅವಳು ಇನ್ನೂ ಹೇಳುತ್ತಿದ್ದಳು. ವಿಮಾನಕ್ಕೆ ಬೇಕಾದಷ್ಟು ಹೊತ್ತಿತ್ತು. ಮೊದಲ ಸಲ ತಪ್ಪಿದ್ದು ಕೇಳುವ ಗುಂಗಿನಲ್ಲಿ, ಎರಡನೆಯ ಸಲ ನಾನು ಬೇಕೆಂದೇ ಮುಂದೆ ಹೋದೆ.